ತಗಡಿನ ಕೊಳವೆಯೊಳಗೆ ಮೊಬೈಲಿಗೆ ರೇಂಜ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ಕಾರ್ಕಳದ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಹಾರುವ ವಿಮಾನಕ್ಕೆ ಸಿಡಿಲು ಬಡಿದರೂ ಒಳಗಿದ್ದವರಿಗೆ ಏನೂ ಆಗುವುದಿಲ್ಲ, ಅದರ ಲೋಹದ ಮೈ ಫ್ಯಾರಡೆ ಪಂಜರದಂತೆ ಕಾಪಾಡುತ್ತದೆ ಎಂದು ಪಾಠ ಮಾಡಿದೆ. ಆಗ ಒಬ್ಬ ಹುಡುಗ ಎದ್ದು, "ನಮ್ಮ ಅಪ್ಪ ದುಬೈಯಿಂದ ಬರುವಾಗ ವಿಮಾನ ಬಜ್ಪೆಯಲ್ಲಿ ಇಳಿಯುವ ಮೊದಲೇ ಅವರ ವಾಟ್ಸಾಪ್ ಮೆಸೇಜ್ ಅಮ್ಮನಿಗೆ ಬಂತಲ್ಲ ಟೀಚರ್, ಲೋಹ ತಡೆಯಬೇಕಿತ್ತಲ್ಲ?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಲೋಹ ತಡೆಯುತ್ತದೆಯೋ ಇಲ್ಲವೋ? ತಡೆಯುವುದಾದರೆ ಏರೋಪ್ಲೇನ್ ಮೋಡ್ ಹಾಕಲು ಯಾಕೆ ಅಷ್ಟು ಒತ್ತಾಯ?

ಉತ್ತರ: ಟೀಚರೇ, ಮೊದಲು ಆ ಹುಡುಗನ ಬೆನ್ನು ತಟ್ಟಿ. ಅವನು ಹೇಳಿದ್ದು ಸರಿ. ನೀವು ಪಾಠ ಮಾಡಿದ್ದೂ ಸರಿ. ವಿಮಾನದ ಲೋಹ ಮೊಬೈಲಿನ ಅಲೆಯನ್ನು ಪೂರ್ತಿಯಾಗಿ ತಡೆಯುತ್ತದೆ, ಆದರೆ ವಿಮಾನ ತಡೆಯುವುದಿಲ್ಲ. ಯಾಕೆಂದರೆ ವಿಮಾನಕ್ಕೆ ಕಿಟಕಿಗಳುಂಟು.

ನಾನು ಇಪ್ಪತ್ತೆಂಟು ವರ್ಷ ಕರಾವಳಿಯಲ್ಲಿ ಮೊಬೈಲ್ ಟವರ್‌ಗಳ ರೇಂಜ್ ಅಳೆಯುವ ಕೆಲಸ ಮಾಡಿದವನು. ಜೀಪಿನಲ್ಲಿ ಮೀಟರ್ ಇಟ್ಟುಕೊಂಡು ಬೈಂದೂರಿನಿಂದ ತಲಪಾಡಿಯವರೆಗೆ ಅಲೆದಿದ್ದೇನೆ. "ನಮ್ಮ ಮನೆಯ ಒಳಗೆ ರೇಂಜ್ ಇಲ್ಲ, ಅಂಗಳಕ್ಕೆ ಬಂದರೆ ಉಂಟು" ಎಂಬ ದೂರನ್ನು ಎಷ್ಟು ಮನೆಗಳ ಜಗಲಿಯಲ್ಲಿ ಕುಳಿತು ಕೇಳಿದ್ದೇನೋ ಲೆಕ್ಕವಿಲ್ಲ. ಮಾಡಿಗೆ ಹಂಚು ತೆಗೆದು ತಗಡಿನ ಶೀಟ್ ಹೊದೆಸಿದ ಮೇಲೆ ಆ ದೂರು ಹೆಚ್ಚಾಯಿತು. ಆಗಲೂ ರೇಂಜ್ ಬರುತ್ತಿದ್ದದ್ದು ಕಿಟಕಿಯಿಂದಲೇ. ಹಾಗಾಗಿ ಈ ಪ್ರಶ್ನೆ ನನಗೆ ತೀರಾ ಹತ್ತಿರದ್ದು.

ಫ್ಯಾರಡೆಯಿಂದಲೇ ಶುರು ಮಾಡೋಣ. 1836ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಹನ್ನೆರಡು ಅಡಿ ಉದ್ದ, ಅಗಲ, ಎತ್ತರದ ಒಂದು ಮರದ ಚೌಕಟ್ಟು ಕಟ್ಟಿಸಿ, ಅದಕ್ಕೆ ಲೋಹದ ತಂತಿ ಮತ್ತು ತಗಡಿನ ಹಾಳೆ ಹೊದೆಸಿ, ತಾನೇ ಒಳಗೆ ಹೋಗಿ ಕುಳಿತ. ಹೊರಗಿನಿಂದ ಆ ಪೆಟ್ಟಿಗೆಗೆ ಕಿಡಿ ಹಾರುವಷ್ಟು ವಿದ್ಯುದಾವೇಶ ಕೊಟ್ಟರು. ಒಳಗೆ ಅವನ ಸೂಕ್ಷ್ಮ ಉಪಕರಣಗಳು ಅಲ್ಲಾಡಲಿಲ್ಲ. ಇದು ನಿಂತ ಆವೇಶದ ಕಥೆ ಎಂಬುದನ್ನು ಗಮನಿಸಿ. ಫ್ಯಾರಡೆ 1867ರಲ್ಲಿ ತೀರಿಕೊಂಡ. ರೇಡಿಯೋ ಅಲೆಗಳನ್ನು ಹೈನ್ರಿಕ್ ಹರ್ಟ್ಸ್ ಪ್ರಯೋಗದಲ್ಲಿ ತೋರಿಸಿದ್ದು ಅದಾಗಿ ಇಪ್ಪತ್ತು ವರ್ಷಗಳ ನಂತರ. ತನ್ನ ಪಂಜರಕ್ಕೆ ಅಲೆ ಬಂದು ಬಡಿದರೆ ಏನಾಗುತ್ತದೆ ಎಂದು ನೋಡುವ ಅವಕಾಶವೇ ಫ್ಯಾರಡೆಗೆ ಇರಲಿಲ್ಲ. ಪಠ್ಯಪುಸ್ತಕದಲ್ಲಿ ನಾವು ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿಬಿಡುತ್ತೇವೆ. ಗೊಂದಲ ಹುಟ್ಟುವುದು ಅಲ್ಲಿ.

ಈಗ ಲೋಹ. ವಿಮಾನದ ಮೈಯ ಅಲ್ಯೂಮಿನಿಯಂ ತಗಡು ಹೆಚ್ಚಿನ ಕಡೆ ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೆ. ಇಷ್ಟು ತೆಳುವಾದರೆ ಅಲೆ ತೂರಿಹೋಗುವುದಿಲ್ಲವೇ ಎಂದು ಮಕ್ಕಳು ಕೇಳಬಹುದು. ಇಲ್ಲ. ಮೊಬೈಲ್ ಬಳಸುವ 900 ಮೆಗಾಹರ್ಟ್ಸ್ ಅಲೆ, ಅಂದರೆ ಸೆಕೆಂಡಿಗೆ 90 ಕೋಟಿ ಸಲ ಕಂಪಿಸುವ ಅಲೆ, ಅಲ್ಯೂಮಿನಿಯಂ ಒಳಗೆ ಇಳಿಯುವ ಆಳ ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು ಮೂರು ಪಾಲು. ಅಷ್ಟರಲ್ಲೇ ಅದರ ಬಲ ಮೂರನೇ ಒಂದು ಪಾಲಿನಷ್ಟಕ್ಕೆ ಇಳಿದಿರುತ್ತದೆ, ಮುಂದಿನ ಅಷ್ಟೇ ದೂರದಲ್ಲಿ ಮತ್ತೆ ಮೂರನೇ ಒಂದು. ಒಂದು ಮಿಲಿಮೀಟರ್ ದಾಟಬೇಕಾದರೆ ಹೀಗೆ ಮುನ್ನೂರಕ್ಕೂ ಹೆಚ್ಚು ಸಲ ಕುಗ್ಗಬೇಕು. ದಾಟುವ ಮಾತೇ ಇಲ್ಲ. ಇದಕ್ಕೂ ಮೊದಲು ತಗಡಿನ ಹೊರಮೈಯೇ ಬಹುಪಾಲು ಅಲೆಯನ್ನು ಕನ್ನಡಿಯ ಹಾಗೆ ವಾಪಸ್ ಕಳಿಸಿರುತ್ತದೆ. ಚಪಾತಿ ಸುತ್ತುವ ಫಾಯಿಲ್ ಕೂಡ ಈ ಕೆಲಸಕ್ಕೆ ಸಾಕು.

ಉಳಿದದ್ದು ಕಿಟಕಿ. ನಮ್ಮ ಬಜ್ಪೆಗೆ ಗಲ್ಫಿನಿಂದ ಬರುವ ಬೋಯಿಂಗ್ 737ರಂಥ ವಿಮಾನದ ಕಿಟಕಿ ಸುಮಾರು 25 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರ. ಅದರಲ್ಲಿ ಇರುವುದು ಗಾಜಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ರೇಡಿಯೋ ಅಲೆಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಳಗೆ ಎಳೆಯುವ ಪರದೆಯೂ ಪ್ಲಾಸ್ಟಿಕ್ಕೇ. ಅದನ್ನು ಮುಚ್ಚಿದರೆ ಬಿಸಿಲು ನಿಲ್ಲುತ್ತದೆ, ಸಿಗ್ನಲ್ ನಿಲ್ಲುವುದಿಲ್ಲ.

ಲೋಹದಲ್ಲಿರುವ ತೂತಿನ ಮೂಲಕ ಅಲೆ ದಾಟುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ತೂತಿನ ಉದ್ದ ಮತ್ತು ಅಲೆಯ ಉದ್ದ, ಇವೆರಡರ ಹೋಲಿಕೆ. ನಾವು ಕೆಲಸದಲ್ಲಿ ಬಳಸುವ ಅಂದಾಜು ಹೀಗೆ: ತೂತಿನ ಉದ್ದ ಅಲೆಯುದ್ದದ ಅರ್ಧವನ್ನು ದಾಟಿತೋ, ಅಲೆ ಸಲೀಸಾಗಿ ನುಗ್ಗುತ್ತದೆ. ತೂತು ಅಲೆಯುದ್ದದ ಹತ್ತನೇ ಒಂದು ಪಾಲಿಗಿಂತ ಚಿಕ್ಕದಾದರೆ ಒಳಗೆ ಬರುವುದು ತೀರಾ ಕಡಿಮೆ. ಅಲೆಯುದ್ದ ಲೆಕ್ಕ ಹಾಕುವುದು ನಿಮ್ಮ ಮಕ್ಕಳಿಗೂ ಸುಲಭ. 300ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಮೀಟರಿನಲ್ಲಿ ಉತ್ತರ ಬರುತ್ತದೆ. 900 ಮೆಗಾಹರ್ಟ್ಸಿಗೆ 33 ಸೆಂಟಿಮೀಟರ್, 1800ಕ್ಕೆ 17, 2300ಕ್ಕೆ 13, 5ಜಿಯ 3500ಕ್ಕೆ ಒಂಬತ್ತಕ್ಕೂ ಕಡಿಮೆ. ಈಗ 35 ಸೆಂಟಿಮೀಟರ್ ಎತ್ತರದ ಕಿಟಕಿಯನ್ನು ಇವುಗಳ ಪಕ್ಕಕ್ಕೆ ಇಟ್ಟು ನೋಡಿ. ಮೊಬೈಲಿನ ಅಲೆಗೆ ಅದು ಕಿಂಡಿಯಲ್ಲ, ಹೆಬ್ಬಾಗಿಲು. ಅಂಥ ಹೆಬ್ಬಾಗಿಲುಗಳು ಒಂದೊಂದು ಪಕ್ಕದಲ್ಲೂ ಸಾಲಾಗಿ ನಲವತ್ತರ ಆಸುಪಾಸು ಇವೆ.

ಸಿಡಿಲಿನ ವಿಷಯ ಬೇರೆಯೇ. ಸಿಡಿಲಿನ ಶಕ್ತಿಯ ಬಹುಪಾಲು ಕಿಲೋಹರ್ಟ್ಸ್ ಮಟ್ಟದ್ದು, ಅಂದರೆ ಅದರ ಅಲೆಯುದ್ದ ಕಿಲೋಮೀಟರುಗಟ್ಟಲೆ. ಕಿಲೋಮೀಟರ್ ಉದ್ದದ ಅಲೆಯ ಮುಂದೆ ಒಂದು ಗೇಣಿನ ಕಿಟಕಿ ಸೂಜಿಯ ಕಣ್ಣಿಗಿಂತಲೂ ಕಡೆ. ಸಿಡಿಲಿನ ವಿದ್ಯುತ್ತು ಮೂತಿಗೋ ರೆಕ್ಕೆಯ ತುದಿಗೋ ತಾಗಿ, ಹೊರಮೈಯಲ್ಲೇ ಹರಿದು, ಬಾಲದ ಕಡೆಯಿಂದ ಬಿಟ್ಟುಹೋಗುತ್ತದೆ. ಪ್ರಯಾಣಿಕ ವಿಮಾನಗಳಿಗೆ ಸರಾಸರಿ ವರ್ಷಕ್ಕೊಮ್ಮೆಯಾದರೂ ಸಿಡಿಲು ತಾಗುತ್ತದೆ ಎಂದು ಲೆಕ್ಕ. ಹಾಗಾಗಿ ನಿಮ್ಮ ಪಾಠದಲ್ಲಿ ಒಂದಕ್ಷರವೂ ತಪ್ಪಿಲ್ಲ ಟೀಚರೇ. ಅದೇ ಪಂಜರ ಸಿಡಿಲಿಗೆ ಗೋಡೆ, ಮೊಬೈಲಿಗೆ ಜಾಲಂದ್ರ. ಹಳೆಯ ಕಾಲದ ರೇಡಿಯೋ ಹಿಡಿದುಕೊಂಡು ಮೇಲೂ ಪಕ್ಕಕ್ಕೂ ಕಬ್ಬಿಣದ ಚೌಕಟ್ಟಿರುವ ಸೇತುವೆ ದಾಟಿದವರಿಗೆ ಇದು ಅನುಭವದಲ್ಲೇ ಗೊತ್ತು. ಮೀಡಿಯಂ ವೇವ್‌ನ ಇನ್ನೂರು ಮುನ್ನೂರು ಮೀಟರಿನ ಅಲೆ ಅಷ್ಟು ದೊಡ್ಡ ಸಂದುಗಳಿದ್ದರೂ ಒಳಗೆ ಬರಲಾರದೆ ಆಕಾಶವಾಣಿ ಕ್ಷೀಣವಾಗುತ್ತಿತ್ತು. ಅದೇ ಸೇತುವೆಯ ಮೇಲೆ ಇವತ್ತು ಮೊಬೈಲಿನಲ್ಲಿ ಧಾರಾಳವಾಗಿ ಮಾತಾಡಬಹುದು.

ಹಾಗಾದರೆ ವಿಮಾನದ ಮೈ ಸಿಗ್ನಲ್ಲನ್ನು ಕುಗ್ಗಿಸುವುದೇ ಇಲ್ಲವೇ? ಕುಗ್ಗಿಸುತ್ತದೆ, ಚೆನ್ನಾಗಿಯೇ. ಒಮ್ಮೆ ಬಜ್ಪೆಯಿಂದ ಬೆಂಗಳೂರಿಗೆ ಎಟಿಆರ್ ವಿಮಾನದಲ್ಲಿ ಹೊರಟಿದ್ದೆ. ಹಳೇ ಚಾಳಿ, ಫೋನಿನಲ್ಲಿ ಸಿಗ್ನಲ್ಲಿನ ಅಂಕಿ ನೋಡುತ್ತಲೇ ಇದ್ದೆ. ಮೆಟ್ಟಿಲಿನ ಬುಡದಲ್ಲಿ ಮೈನಸ್ 71 ಡಿಬಿಎಂ (ಡೆಸಿಬೆಲ್ ಲೆಕ್ಕದಲ್ಲಿ ಸಿಗ್ನಲ್ಲಿನ ಬಲ; ಮೈನಸ್ಸಿನ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ). ಒಳಗೆ ಬಂದು ಒಂಬತ್ತನೇ ಸಾಲಿನಲ್ಲಿ ನಡುದಾರಿಯ ಪಕ್ಕದ ಸೀಟಿನಲ್ಲಿ ಕುಳಿತಾಗ ಮೈನಸ್ 86. ಕಿಟಕಿ ಪಕ್ಕದವರು ಇನ್ನೂ ಬಂದಿರಲಿಲ್ಲ. ಕೈ ಚಾಚಿ ಫೋನನ್ನು ಕಿಟಕಿಗೆ ತಾಗಿಸಿದೆ, ಮೈನಸ್ 77 ಆಯಿತು. ಅಲ್ಲಿಂದ ಒಂದು ಗೇಣು ಹಿಂದಕ್ಕೆ, ಎರಡು ಕಿಟಕಿಗಳ ನಡುವಿನ ತಗಡಿನ ಗೋಡೆಗೆ ಸರಿಸಿದೆ, ತಟ್ಟನೆ ಮೈನಸ್ 84. ಗಗನಸಖಿ ಬಂದು, "ಸರ್, ಫ್ಲೈಟ್ ಮೋಡ್" ಎಂದರು. ಹಾಕಿದೆ.

ಈ ಅಂಕಿಗಳನ್ನು ಓದುವುದು ಹೀಗೆ: ಹತ್ತು ಡೆಸಿಬೆಲ್ ಇಳಿದರೆ ಶಕ್ತಿ ಹತ್ತನೇ ಒಂದಾಯಿತು ಎಂದರ್ಥ, ಇಪ್ಪತ್ತು ಇಳಿದರೆ ನೂರನೇ ಒಂದು. ಹದಿನೈದು ಇಳಿದಿದೆ ಎಂದರೆ ಸುಮಾರು ಮೂವತ್ತು ಪಾಲಿನಲ್ಲಿ ಒಂದು ಪಾಲು ಮಾತ್ರ ಒಳಗೆ ಬಂದಿದೆ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಮೊಬೈಲ್ ಎಂಬುದು ಬಹಳ ಕಡಿಮೆಯಲ್ಲಿ ಬದುಕುವ ಯಂತ್ರ. ಟವರಿನ ಬುಡದ ಮೈನಸ್ 50ರಿಂದ ಹಿಡಿದು ಮೈನಸ್ 110ರ ಆಚೆಗೂ ಅದು ಹೇಗೋ ಸಂಸಾರ ತೂಗಿಸುತ್ತದೆ. ಈ ಎರಡರ ನಡುವೆ ಹತ್ತು ಲಕ್ಷ ಪಟ್ಟು ವ್ಯತ್ಯಾಸ ಉಂಟು. ಅಷ್ಟು ಹಿಗ್ಗು ಕುಗ್ಗು ತಾಳುವ ಯಂತ್ರಕ್ಕೆ ಮೂವತ್ತು ಪಟ್ಟು ನಷ್ಟ ಲೆಕ್ಕಕ್ಕಿಲ್ಲ. ಲಿಫ್ಟಿನೊಳಗೆ ಕರೆ ಕಡಿಯುವುದು ಯಾಕೆ ಎಂದರೆ ಅಲ್ಲಿ ಕಿಟಕಿಯಿಲ್ಲ, ಬಾಗಿಲ ಸಂದು ಬಿಟ್ಟರೆ ನಾಲ್ಕೂ ಕಡೆ ತಗಡು, ಅದರ ಹೊರಗೆ ಕಾಂಕ್ರೀಟು, ಕಬ್ಬಿಣ.

ಹುಡುಗನ ಅಪ್ಪನ ಮೆಸೇಜಿಗೆ ಬರೋಣ. ಸಮುದ್ರದ ಕಡೆಯಿಂದ ಬಜ್ಪೆಗೆ ಇಳಿಯುವಾಗ ವಿಮಾನ ಪಣಂಬೂರು, ಗುರುಪುರ ನದಿಯ ಸುತ್ತಮುತ್ತ ಕೆಲವೇ ನೂರು ಮೀಟರ್ ಎತ್ತರದಲ್ಲಿರುತ್ತದೆ. ನಡುವೆ ಗುಡ್ಡವಿಲ್ಲ, ತೆಂಗಿನ ತೋಟವಿಲ್ಲ, ಕಟ್ಟಡವಿಲ್ಲ. ಹತ್ತಾರು ಟವರ್‌ಗಳು ನೇರ ನೋಟಕ್ಕೆ ಸಿಗುತ್ತವೆ. ಕಿಟಕಿಯಲ್ಲಿ ಕಳೆದುಹೋದದ್ದನ್ನು ಈ ಬಯಲು ತುಂಬಿಕೊಡುತ್ತದೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿ ಇಲ್ಲದಿದ್ದರೆ ಮೆಸೇಜ್ ಹೋಗಿಯೇ ಹೋಗುತ್ತದೆ.

ಮೇಲೆ, ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಸಿಗ್ನಲ್ ಸಿಗದಿರುವುದಕ್ಕೂ ಲೋಹವನ್ನು ದೂರುವುದು ರೂಢಿ. ಅದು ಮುಖ್ಯ ಕಾರಣವಲ್ಲ. ದೂರವೂ ಮುಖ್ಯ ಕಾರಣವಲ್ಲ. ಹಳೆಯ 2ಜಿ ವ್ಯವಸ್ಥೆಯೇ ಟವರಿನಿಂದ 35 ಕಿಲೋಮೀಟರ್‌ವರೆಗೆ ಕೆಲಸ ಮಾಡುವಂತೆ ರೂಪಿಸಿದ್ದು. ಮಲ್ಪೆಯ ಬೋಟಿನವರನ್ನು ಕೇಳಿ, ಬಯಲು ಸಮುದ್ರದಲ್ಲಿ ದಡದಿಂದ ಹತ್ತು ಕಿಲೋಮೀಟರ್ ಆಚೆಯೂ ಒಂದೆರಡು ಕಡ್ಡಿ ಸಿಗುವುದುಂಟು. ನಿಜವಾದ ಕಾರಣ ಟವರಿನ ಆಂಟೆನಾ. ಅದರ ಮುಖವನ್ನು ನಾವು ಕೆಲವು ಡಿಗ್ರಿ ಕೆಳಕ್ಕೆ ಬಾಗಿಸಿಯೇ ಕಟ್ಟುತ್ತೇವೆ. ಬಳಸುವ ಜನ ನೆಲದ ಮೇಲಿದ್ದಾರೆ, ಆಕಾಶಕ್ಕೆ ಶಕ್ತಿ ಕಳಿಸಿ ಏನು ಮಾಡುವುದು? ಮೇಲಕ್ಕೆ ಹೋಗುವುದು ಸೋರಿಕೆ ಮಾತ್ರ. ಜೊತೆಗೆ ಗಂಟೆಗೆ 800 ಕಿಲೋಮೀಟರ್ ವೇಗ. ಒಂದು ಟವರಿನ ಪರಿಚಯ ಆಗುವ ಹೊತ್ತಿಗೆ ಅದು ಹಿಂದೆ ಬಿದ್ದಿರುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಏರೋಪ್ಲೇನ್ ಮೋಡ್. ಇಲ್ಲಿ ನಾನು ಸ್ವಲ್ಪ ಒತ್ತಿ ಹೇಳಬೇಕು, ಏಕೆಂದರೆ "ಲೋಹ ಹೇಗೂ ತಡೆಯುತ್ತದೆ, ಫೋನ್ ಆನ್ ಇದ್ದರೇನು" ಎಂದು ವಾದಿಸುವ ವಿದ್ಯಾವಂತರನ್ನೇ ಕಂಡಿದ್ದೇನೆ. ಲೋಹದ ಪೆಟ್ಟಿಗೆ ಹೊರಗಿನದನ್ನು ಹೊರಗಿಡುವ ಹಾಗೆ ಒಳಗಿನದನ್ನು ಒಳಗೂ ಇಡುತ್ತದೆ. ನಿಮ್ಮ ಫೋನ್, ವಿಮಾನದ ವೈರುಗಳು, ಪೈಲಟ್ ಕೋಣೆಯ ಉಪಕರಣಗಳು, ಎಲ್ಲವೂ ಇರುವುದು ಒಂದೇ ಕೊಳವೆಯಲ್ಲಿ. ಅಲೆ ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ ಹಾರುತ್ತ ಒಳಗೇ ಸುತ್ತುತ್ತದೆ. ಕಿಟಕಿಯಿಂದ ಹೊರಬಿದ್ದದ್ದು ಮೈಗೆ ಅಂಟಿಕೊಂಡೇ ಹರಿದು, ಹೊರಗೆ ಕೂರಿಸಿರುವ ವಿಮಾನದ ಆಂಟೆನಾಗಳನ್ನು ತಲುಪಬಹುದು.

ಸಿಗ್ನಲ್ ಕುಗ್ಗಿದಾಗ ಫೋನ್ ಸುಮ್ಮನಿರುವುದಿಲ್ಲ ಎಂಬುದು ಇನ್ನೊಂದು ಸಂಗತಿ. ಟವರ್ ಹತ್ತಿರವಿದ್ದರೆ ಪಿಸುಗುಡುತ್ತದೆ, ದೂರವಾದಂತೆ ಗಂಟಲು ಏರಿಸುತ್ತದೆ. 4ಜಿ ಫೋನ್ ಹೆಚ್ಚೆಂದರೆ 0.2 ವಾಟ್ ಕೂಗಬಲ್ಲದು. 2ಜಿಯಲ್ಲಿ 900 ಮೆಗಾಹರ್ಟ್ಸಿನ ಫೋನ್ 2 ವಾಟ್‌ವರೆಗೂ ಹೋಗುತ್ತಿತ್ತು. ಸ್ಪೀಕರಿನ ಪಕ್ಕ ಹಳೇ ಫೋನ್ ಇಟ್ಟಾಗ ಕರೆ ಬರುವ ಮೊದಲೇ "ಟಿಟಿಟ್ಟಿ ಟಿಟಿಟ್ಟಿ" ಎಂದು ಕೇಳುತ್ತಿದ್ದದ್ದು ನೆನಪಿದೆಯೇ? ಅದೇ ಸದ್ದು ಪೈಲಟ್ ಕಿವಿಯ ಹೆಡ್‌ಫೋನಿನಲ್ಲಿ, ಮಳೆಗಾಲದ ಮೋಡದ ನಡುವೆ, ಎರಡೂ ಕಡೆ ಕಣಿವೆಯಿರುವ ನಮ್ಮ ಟೇಬಲ್‌ಟಾಪ್ ರನ್‌ವೇಗೆ ಇಳಿಸುವ ಹೊತ್ತಿನಲ್ಲಿ, ನಿಯಂತ್ರಣ ಗೋಪುರದವರ ಮಾತಿನ ಮೇಲೆ ಬಂದು ಕೂರಬಾರದು. ಒಂದು ಫೋನಿನಿಂದ ವಿಮಾನ ಬೀಳುವುದಿಲ್ಲ, ಹಾಗೆ ಮಕ್ಕಳನ್ನು ಹೆದರಿಸಬೇಡಿ. ಆದರೆ 180 ಜನರ ಜೇಬಿನಲ್ಲಿ 180 ಫೋನುಗಳು ಒಟ್ಟಿಗೆ ಟವರ್ ಹುಡುಕುತ್ತ ಕೂಗುವುದು ಬೇಡ ಎಂಬುದು ನ್ಯಾಯವಾದ ಎಚ್ಚರಿಕೆ.

ನೆಲದ ನೆಟ್‌ವರ್ಕಿನ ದೃಷ್ಟಿಯಿಂದಲೂ ತೊಂದರೆಯುಂಟು, ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು ಅದೇ. ನೆಲದ ಮೇಲಿನ ಫೋನ್ ಒಂದೆರಡು ಟವರ್‌ಗಳಿಗೆ ಕೇಳಿಸಿದರೆ, ಮೇಲಿನ ಫೋನ್ ಒಂದೇ ಸಲ ಹತ್ತಾರು ಟವರ್‌ಗಳಿಗೆ ಕೇಳಿಸುತ್ತದೆ. ಒಂದೇ ಕಂಪನಾಂಕವನ್ನು ಊರೂರಿಗೆ ಹಂಚಿ ಮತ್ತೆ ಮತ್ತೆ ಬಳಸುವುದೇ ಮೊಬೈಲ್ ವ್ಯವಸ್ಥೆಯ ಬುನಾದಿ, ಅದು ಅಲುಗುತ್ತದೆ. ಅಮೆರಿಕದ ಸಂಪರ್ಕ ಆಯೋಗ 1991ರಲ್ಲಿ ಹಾರುವ ವಿಮಾನದಲ್ಲಿ ಮೊಬೈಲ್ ಬಳಕೆ ನಿಷೇಧಿಸಿದ್ದು ಮುಖ್ಯವಾಗಿ ಈ ಕಾರಣಕ್ಕೆ. ನಮ್ಮಲ್ಲಿ 2014ರಲ್ಲಿ ನಾಗರಿಕ ವಿಮಾನಯಾನದ ಮೇಲ್ವಿಚಾರಣೆ ನೋಡುವ ಡಿಜಿಸಿಎ, ಏರೋಪ್ಲೇನ್ ಮೋಡ್‌ನಲ್ಲಿಟ್ಟ ಫೋನನ್ನು ಹಾರಾಟದ ಉದ್ದಕ್ಕೂ ಬಳಸಬಹುದು ಎಂದಿತು. 2018ರ ನಿಯಮಗಳು ವಿಮಾನದೊಳಗಿನ ಸಂಪರ್ಕ ಸೇವೆಗೂ ದಾರಿ ತೆರೆದವು, ಆದರೆ 3,000 ಮೀಟರ್ ಎತ್ತರ ದಾಟಿದ ಮೇಲೆ ಮಾತ್ರ.

ಆ ಸೇವೆ ಕೆಲಸ ಮಾಡುವ ಬಗೆಯೂ ನಮ್ಮ ವಿಷಯಕ್ಕೆ ಹತ್ತಿರದ್ದೇ. ವೈಫೈ ಇರುವ ವಿಮಾನದ ಬೆನ್ನ ಮೇಲೆ ಒಂದು ಉಬ್ಬು ಕಾಣುತ್ತದೆ. ಅದರೊಳಗಿನ ಆಂಟೆನಾ ಉಪಗ್ರಹದ ಜೊತೆ ಮಾತಾಡುತ್ತದೆ, ಅಲ್ಲಿಂದ ಕೇಬಲ್ ತಗಡನ್ನು ಕೊರೆದುಕೊಂಡು ಒಳಗೆ ಬರುತ್ತದೆ. ಕೆಲವು ವಿಮಾನಗಳಲ್ಲಿ ಒಳಗೇ ಒಂದು ಪುಟ್ಟ ಮೊಬೈಲ್ ಟವರ್ ಇಟ್ಟಿರುತ್ತಾರೆ. ಎಮಿರೇಟ್ಸ್ 2008ರಲ್ಲೇ ಹೀಗೆ ಕರೆ ಮಾಡಲು ಅವಕಾಶ ಕೊಟ್ಟಿತು. ಇದರಿಂದ ಒಂದು ದೊಡ್ಡ ಉಪಕಾರವೆಂದರೆ, ಟವರ್ ತಲೆಯ ಮೇಲೆಯೇ ಇರುವುದರಿಂದ ಫೋನುಗಳು ಅತಿ ಕಡಿಮೆ ಶಕ್ತಿಯಲ್ಲಿ ಪಿಸುಗುಡುತ್ತವೆ.

ಜಾಣ ಮಕ್ಕಳು ಬೋಯಿಂಗ್ 787ರ ಬಗ್ಗೆ ಕೇಳಿಯಾರು. ಅದರ ಮೈ ಅಲ್ಯೂಮಿನಿಯಂ ಅಲ್ಲ, ಕಾರ್ಬನ್ ನಾರಿನದ್ದು. ಇಡೀ ವಿಮಾನದ ತೂಕದ ಅರ್ಧದಷ್ಟು ಇಂಥ ಸಂಯುಕ್ತ ವಸ್ತುವೇ. ಕಾರ್ಬನ್ ನಾರಿಗೆ ವಿದ್ಯುತ್ ಒಯ್ಯುವ ಶಕ್ತಿ ಅಲ್ಯೂಮಿನಿಯಂಗಿಂತ ಸಾವಿರ ಪಟ್ಟಿಗೂ ಕಡಿಮೆ, ಆದರೂ ಕೆಲವು ಮಿಲಿಮೀಟರ್ ದಪ್ಪಕ್ಕೆ ಮೊಬೈಲಿನ ಅಲೆ ಸತ್ತುಹೋಗುತ್ತದೆ. ಸಿಡಿಲಿಗೆ ಮಾತ್ರ ಅದು ಸಾಲದು, ಅದಕ್ಕಾಗಿ ಹೊರಮೈಯಲ್ಲಿ ತೆಳುವಾದ ಲೋಹದ ಜಾಲರಿಯನ್ನು ಹುದುಗಿಸಿರುತ್ತಾರೆ. ಅದರ ಕಿಟಕಿಗಳು 737ರದ್ದಕ್ಕಿಂತ ದೊಡ್ಡವು. ಲೆಕ್ಕ ನೀವೇ ಹಾಕಿ.

ವಿಮಾನ ನಿಲ್ದಾಣದ ಪಕ್ಕದಲ್ಲಿ 5ಜಿ ಸರಿಯಾಗಿ ಸಿಗುವುದಿಲ್ಲ ಎಂದು ಬಜ್ಪೆ, ಕೆಂಜಾರು ಕಡೆಯವರು ಹೇಳಿದರೆ ಅದಕ್ಕೂ ವಿಮಾನದ ಲೋಹಕ್ಕೂ ಸಂಬಂಧವಿಲ್ಲ. 2022ರ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ರನ್‌ವೇಯ ಎರಡೂ ತುದಿಗಳಿಂದ 2,100 ಮೀಟರ್, ನಡುಗೆರೆಯಿಂದ 910 ಮೀಟರ್ ಒಳಗೆ 3,300 ಮೆಗಾಹರ್ಟ್ಸ್ ಪಟ್ಟಿಯ 5ಜಿ ಟವರ್ ಹಾಕಬಾರದೆಂದು ಕಂಪನಿಗಳಿಗೆ ಸೂಚಿಸಿತು. ವಿಮಾನ ನೆಲದಿಂದ ಎಷ್ಟು ಮೇಲಿದೆ ಎಂದು ಅಳೆಯುವ ರೇಡಿಯೋ ಉಪಕರಣ 4,200ರಿಂದ 4,400 ಮೆಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಅಡಚಣೆಯಾಗದಿರಲಿ ಎಂದು.

ಇಷ್ಟೆಲ್ಲ ಓದಿಸುವುದಕ್ಕಿಂತ ಮಕ್ಕಳ ಕೈಯಲ್ಲಿ ಮಾಡಿಸಿದರೆ ಚೆನ್ನಾಗಿ ಇಳಿಯುತ್ತದೆ. ಮೊದಲು ಮನೆಯ ಸ್ಟೀಲಿನ ಚಕ್ಕುಲಿ ಡಬ್ಬ. ಫೋನಿನ ವೈಫೈ, ಬ್ಲೂಟೂತ್ ಆಫ್ ಮಾಡಿ ಡಬ್ಬದೊಳಗಿಟ್ಟು ಮುಚ್ಚಳ ಬಿಗಿಯಾಗಿ ಹಾಕಿ ಇನ್ನೊಂದು ಫೋನಿನಿಂದ ಕರೆ ಮಾಡಿ. ರೇಂಜ್ ಚೆನ್ನಾಗಿರುವ ಕಡೆ ಹೆಚ್ಚಾಗಿ ರಿಂಗ್ ಆಗಿಬಿಡುತ್ತದೆ, ಮಕ್ಕಳು ಬೆರಗಾಗುತ್ತಾರೆ. ಮುಚ್ಚಳ ಮತ್ತು ಡಬ್ಬದ ನಡುವಿನ ಸಂದು ಕಣ್ಣಿಗೆ ಕೂದಲಿನಷ್ಟು ತೆಳು, ಆದರೆ ಸುತ್ತಳತೆಯಲ್ಲಿ ಅಡಿಗಟ್ಟಲೆ ಉದ್ದ. ಅಲೆಗೆ ಬೇಕಾದದ್ದು ಉದ್ದವೇ, ಅಗಲವಲ್ಲ. ಪ್ರೆಶರ್ ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ಹಬೆಯನ್ನು ತಡೆಯುತ್ತದೆ, ರೇಡಿಯೋ ಅಲೆಗೆ ಅದೂ ಒಂದು ಸಂದೇ.

ಆಮೇಲೆ ಒಂದು ರಟ್ಟಿನ ಪೆಟ್ಟಿಗೆಗೆ ಅಲ್ಯೂಮಿನಿಯಂ ಫಾಯಿಲನ್ನು ಎರಡು ಸುತ್ತು ಹೊದೆಸಿ, ಅಂಚುಗಳನ್ನೆಲ್ಲ ಮಡಚಿ ಒತ್ತಿ, ಸಂದು ಉಳಿಯದಂತೆ ಮಾಡಿ. ಒಳಗೆ ಫೋನಿಟ್ಟು ಒಂದೆರಡು ನಿಮಿಷ ಬಿಟ್ಟು ಕರೆ ಮಾಡಿದರೆ, "ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂಬ ಹೆಂಗಸಿನ ದನಿ ಬರಬೇಕು. ಬಾರದಿದ್ದರೆ ಎಲ್ಲೋ ಸಂದು ಉಳಿದಿದೆ, ಹುಡುಕಿಸಿ. ಅದಾದ ಮೇಲೆ ಒಂದು ಪಕ್ಕದಲ್ಲಿ 25 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರದ ವಿಮಾನದ ಕಿಟಕಿಯನ್ನೇ ಕತ್ತರಿಸಿ. ಫೋನ್ ರಿಂಗ್ ಆಗುತ್ತದೆ. ಕೊನೆಗೆ ಅದೇ ಕಿಟಕಿಗೆ ಸೊಳ್ಳೆ ತಡೆಯುವ ಅಲ್ಯೂಮಿನಿಯಂ ಜಾಲರಿಯನ್ನು, ಅಂಚು ಫಾಯಿಲಿಗೆ ಒತ್ತಿ ಕೂರುವಂತೆ ಕಟ್ಟಿಸಿ. ಜಾಲರಿಯ ಕಣ್ಣು ಒಂದೆರಡು ಮಿಲಿಮೀಟರ್, ಬೆಳಕಿನ ಅಲೆಗೆ ಅದು ಬಯಲು, 17 ಸೆಂಟಿಮೀಟರಿನ ಅಲೆಗೆ ಗೋಡೆ. ಒಳಗಿರುವ ಫೋನಿನ ಪರದೆ ಮಕ್ಕಳಿಗೆ ಸ್ಪಷ್ಟವಾಗಿ ಕಾಣುತ್ತದೆ, ಅದರ ಮೂಲೆಯಲ್ಲಿ ಕಡ್ಡಿಗಳು ಒಂದೊಂದಾಗಿ ಇಳಿಯುವುದೂ ಕಾಣುತ್ತದೆ. ಆ ಜಾಲರಿ ಕಟ್ಟುವ ಕೆಲಸವನ್ನು ಪ್ರಶ್ನೆ ಕೇಳಿದ ಹುಡುಗನ ಕೈಯಲ್ಲೇ ಮಾಡಿಸಿ ಟೀಚರೇ.